ಪಟ್ಟಾಭಿಷೇಕವಾದ ಮೇಲೆ ಊಟ

ಇಂಗ್ಲಿಷರ ದೇಶದ ಕ್ವೀನ್ಸ್‌ಬರಿಯ ನಮ್ಮ ಮನೆಯಲ್ಲಿ ಒಂದು ಚಳಿಗಾಲವಿಡೀ ಊಟದ ಹೊತ್ತನ್ನು ನಿರ್ಧರಿಸುತ್ತಿದ್ದವರು ಅಮೆರಿಕದ ಅಧ್ಯಕ್ಷರು. ಅದರಲ್ಲೂ ಗುಂಡು ತಿಂದು ಸತ್ತ ಅಧ್ಯಕ್ಷರು. ಅವರು ಸಾಯುವುದೊಂದೇ ಸಾಕಾಗುತ್ತಿರಲಿಲ್ಲ. ಅವರ ಜಾಗಕ್ಕೆ ಇನ್ನೊಬ್ಬ ಬಂದು, ಬಲಗೈ ಎತ್ತಿ ಪ್ರಮಾಣವಚನ ಸ್ವೀಕರಿಸಿದ ಮೇಲೆಯೇ ನಮ್ಮಲ್ಲಿ ತಟ್ಟೆ ಹಾಕುತ್ತಿದ್ದದ್ದು. ಪಾರ್ಕ್ ರಾಯಲ್‌ನ ಚಟ್ನಿ ಕಾರ್ಖಾನೆಯಲ್ಲಿ ದಿನವಿಡೀ ನಿಂತು, ಬಸ್ಸಿನಲ್ಲೂ ನಿಂತು ಮನೆ ಸೇರುವ ನನ್ನಂಥವಳಿಗೆ ಇದರಿಂದ ಎಷ್ಟು ಸಿಟ್ಟು ಬರಬೇಕೋ ಅಷ್ಟೂ ಬಂದಿದೆ. ಒಂದು ದೇಶದ ರಾಜಕೀಯಕ್ಕೂ ನನ್ನ ಹೊಟ್ಟೆಗೂ ಇಷ್ಟು ಹತ್ತಿರದ ಸಂಬಂಧ ಇರುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ.

ಇದಕ್ಕೆಲ್ಲ ಕಾರಣ ಇಬ್ಬರು. ಒಬ್ಬರು ಧಾರವಾಡದಿಂದ ಆರು ತಿಂಗಳ ವೀಸಾದ ಮೇಲೆ ಬಂದಿದ್ದ ನನ್ನ ಅತ್ತೆ. ಇನ್ನೊಬ್ಬರು ಪಕ್ಕದ ಮನೆಯ ಅಂಕಲ್.

ಅಂಕಲ್ ಉಡುಪಿ ಕಡೆಯ ಕ್ಯಾಥೊಲಿಕ್ ಮನೆತನದವರು. ಮನೆಮಾತು ಕೊಂಕಣಿ, ನಮ್ಮ ಜೊತೆ ಕರಾವಳಿಯ ಕನ್ನಡ. ಪಾರ್ಕ್ ರಾಯಲ್‌ನಲ್ಲೇ ಬಿಸ್ಕತ್ತಿನ ಯಂತ್ರ ರಿಪೇರಿ ಮಾಡುತ್ತ ಆಯುಷ್ಯ ಕಳೆದು ನಿವೃತ್ತರಾಗಿದ್ದರು. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಅವರು ಕೆಮ್ಮಿದರೆ ನಮಗೆ ಕೇಳುತ್ತದೆ, ನಾವು ಜಗಳವಾಡಿದರೆ ಅವರಿಗೆ ಕೇಳುತ್ತದೆ. ಎರಡೂ ಕಡೆಯವರು ಏನೂ ಕೇಳಿಸಿಲ್ಲ ಎಂಬಂತೆ ಮರುದಿನ ಗುಡ್ ಮಾರ್ನಿಂಗ್ ಹೇಳುತ್ತಿದ್ದೆವು.

ಅವರ ಮುಂದಿನ ಕೋಣೆಯ ಕಪಾಟಿನಲ್ಲಿ ಒಬ್ಬನೇ ಇತಿಹಾಸಕಾರನ ಪುಸ್ತಕಗಳಿದ್ದವು. ಅಮೆರಿಕದವನು. ಒಂದೊಂದು ಪುಸ್ತಕವೂ ತಲೆದಿಂಬಿಗೆ ಆಗುವಷ್ಟು ದಪ್ಪ. ಅವನಿಗೆ ಒಂದೇ ಹುಚ್ಚು: ಆ ದೇಶದ ಚರಿತ್ರೆ ಹೊರಳಿಕೊಂಡ ಒಂದು ದಿನವನ್ನೋ ಒಂದು ಗಂಟೆಯನ್ನೋ ಹಿಡಿದು, ಯಾರು ಎಲ್ಲಿ ನಿಂತಿದ್ದರು, ಬೆಳಿಗ್ಗೆ ಏನು ತಿಂದಿದ್ದರು ಎಂಬುದರಿಂದ ಹಿಡಿದು ಎಲ್ಲವನ್ನೂ ಬರೆಯುವುದು. ಅಧ್ಯಕ್ಷರ ಕೊಲೆಗಳೆಂದರೆ ಅವನಿಗೆ ಹಬ್ಬ. ಅಂಕಲ್‌ಗಂತೂ ಅವನ ಮಾತೇ ವೇದ. ಅವರ ಧರ್ಮದಲ್ಲಿ ಹೇಳುವುದಾದರೆ ಸುವಾರ್ತೆ.

ನಾನು ಕೌನ್ಸಿಲ್ಲಿನ ಕಸದ ಡಬ್ಬಿಯನ್ನು ರಸ್ತೆಗೆ ಎಳೆದುಕೊಂಡು ಹೋಗುವಾಗ ಅವರು ಬೇಲಿಯ ಆಚೆಯಿಂದ ಶುರು ಮಾಡುತ್ತಿದ್ದರು. ನಾಟಕ ನೋಡಲು ಹೋದ ಅಧ್ಯಕ್ಷನ ಬಾಗಿಲು ಕಾಯಬೇಕಾಗಿದ್ದವನು ಜಾಗ ಬಿಟ್ಟು ಕುಡಿಯಲು ಹೋದನಂತೆ. ಅವನೊಬ್ಬ ಅಲ್ಲೇ ಕೂತಿದ್ದಿದ್ದರೆ ಅಮೆರಿಕವೇ ಬೇರೆ ಆಗುತ್ತಿತ್ತಂತೆ. ಈ ಕಾವಲುಗಾರನ ವಿಷಯವನ್ನು ಅಂಕಲ್ ನನಗೆ ಅದೆಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಹೇಳುವಾಗೆಲ್ಲ ಆ ಮನುಷ್ಯ ಅವರದೇ ಕಾರ್ಖಾನೆಯಲ್ಲಿ ಅವರ ಕೈಕೆಳಗೆ ಕೆಲಸಕ್ಕಿದ್ದವನೇನೋ ಎಂಬಂತೆ ಸಿಟ್ಟಾಗುತ್ತಿದ್ದರು. ನಾನು ಡಬ್ಬಿಯ ಹಿಡಿಕೆ ಬಿಡದೆ ಹೌದು ಅಂಕಲ್, ಹೌದು ಅಂಕಲ್ ಎನ್ನುತ್ತಿದ್ದೆ.

ಅತ್ತೆ ಬಂದದ್ದು ಅಕ್ಟೋಬರಿನಲ್ಲಿ. ಧಾರವಾಡದ ಓಣಿಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಹತ್ತು ಮನೆಯ ಸುದ್ದಿಗೆ ಕಿವಿ ಕೊಟ್ಟು ರೂಢಿಯಿದ್ದವರಿಗೆ ಇಲ್ಲಿ ಎದುರುಮನೆಯವರ ಮುಖ ಕಾಣುವುದೇ ಕಷ್ಟವಾಯಿತು. ಮಗ ಎಜ್‌ವೇರ್‌ನ ಔಷಧಿ ಅಂಗಡಿಯಿಂದ ಬರುವುದು ತಡ. ಸೊಸೆ ಚಟ್ನಿಯ ಜೊತೆ. ಮೊಮ್ಮಗಳಿಗೆ ಅಜ್ಜಿ ಆಡಿದ್ದೆಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅತ್ತೆ ಎರಡು ವಾರ ತಾಳಿದರು. ಮೂರನೆಯ ವಾರ ಕೆಲಸ ಹುಡುಕಿಕೊಂಡು, ಮಜ್ಜಿಗೆಯಲ್ಲಿ ನೆನೆಸಿದ ಮೆಣಸಿನಕಾಯಿಯನ್ನು ಒಣಗಿಸಲು ಕಸದ ಡಬ್ಬಿಯ ಮುಚ್ಚಳದ ಮೇಲೆ ಬಟ್ಟೆ ಹಾಸಿ ಹರವಿಟ್ಟರು. ಆಗ ಬೇಲಿಯ ಆಚೆಯಿಂದ ಕನ್ನಡ ಬಂತು.

"ಅಮ್ಮ, ಈ ದೇಶದ ಬಿಸಿಲಿಗೆ ಅದು ಒಣಗುದಿಲ್ಲ. ಕೊಳೀತದೆ ಅಷ್ಟೆ."

ಅತ್ತೆ ಮೆಣಸಿನಕಾಯಿಯನ್ನು ಅಲ್ಲೇ ಬಿಟ್ಟರು. ಸಂಜೆ ನಾನು ಬರುವ ಹೊತ್ತಿಗೆ ಅಂಕಲ್ ನಮ್ಮ ಅಡುಗೆಮನೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದರು, ಅವರ ಹೆಂಡತಿಯ ತವರಿನ ತನಕ ಎಲ್ಲ ವಿಚಾರಣೆ ಮುಗಿದಿತ್ತು. ದಿನವಿಡೀ ಏನು ಮಾಡುತ್ತೀರಿ ಎಂದು ಅತ್ತೆ ಕೇಳಿದ್ದರಂತೆ. ಓದುತ್ತೇನೆ ಎಂದಿದ್ದರಂತೆ ಅಂಕಲ್. ಹಾಗಾದರೆ ನಮಗೂ ಓದಿ ಹೇಳಿ, ನಾಳೆಯಿಂದಲೇ ಶುರುವಾಗಲಿ ಎಂದು ಅತ್ತೆ ತೀರ್ಮಾನ ಮಾಡಿಬಿಟ್ಟಿದ್ದರು. ಧಾರವಾಡದಲ್ಲಿ ಶ್ರಾವಣ ಬಂತೆಂದರೆ ಮಠದಲ್ಲಿ ತಿಂಗಳು ಪೂರ್ತಿ ಸಂಜೆ ಪುರಾಣ. ಶಾಸ್ತ್ರಿಗಳು ಓದಿ ಅರ್ಥ ಹೇಳುತ್ತಾರೆ, ಊರು ಕೂತು ಕೇಳುತ್ತದೆ. ಅತ್ತೆಗೆ ಓದಿ ಹೇಳುವುದೆಂದರೆ ಅದು.

ಮರುದಿನ ಅಂಕಲ್ ದಪ್ಪದೊಂದು ಪುಸ್ತಕ ಹಿಡಿದು ಬಂದಾಗ ನಮ್ಮ ಮುಂದಿನ ಕೋಣೆ ಮಠವಾಗಿತ್ತು. ರೊಟ್ಟಿ ಬಡಿಯುವಾಗ ಕೂಡುವ ಮಣೆಯನ್ನು ಅತ್ತೆ ತೊಳೆದು ಸೋಫಾದ ಮುಂದೆ ಇಟ್ಟಿದ್ದರು. ಊದಿನಕಡ್ಡಿ ಹಚ್ಚಿದ್ದರು. ಹೊಗೆಯ ಅಲಾರಂ ಕೂಗುತ್ತದೆಂದು ಮಗಳು ಕುರ್ಚಿ ಹತ್ತಿ ಅದಕ್ಕೆ ಟವೆಲ್ಲು ಹಿಡಿದು ನಿಂತಿದ್ದಳು. ಅತ್ತೆ ಪುಸ್ತಕವನ್ನು ಸೆರಗಿನಿಂದ ಒರೆಸಿ ಮಣೆಯ ಮೇಲಿಟ್ಟು, ರಟ್ಟಿನ ಮೂಲೆಗೆ ಅರಿಷಿಣ ಕುಂಕುಮ ಹಚ್ಚಿದರು. ರಟ್ಟಿನ ಮೇಲೆ ಪಿಸ್ತೂಲಿನ ಚಿತ್ರವಿತ್ತು. ಅಂಕಲ್ ತಮ್ಮ ಹೊಳೆಯುವ ಪುಸ್ತಕದ ಮೇಲೆ ಬಿದ್ದ ಕೆಂಪು ಚುಕ್ಕೆಯನ್ನು ನೋಡಿ ಬಾಯಿ ತೆರೆದರು, ಅತ್ತೆಯ ಮುಖ ನೋಡಿ ಮುಚ್ಚಿದರು. ಆ ಗಳಿಗೆಯಿಂದ ಅತ್ತೆ ಅವರನ್ನು ಶಾಸ್ತ್ರಿಗಳೇ ಎಂದು ಕರೆಯಲು ತೊಡಗಿದರು. ಪ್ರತಿ ಭಾನುವಾರ ತಪ್ಪದೆ ಚರ್ಚಿನ ಮಾಸ್‌ಗೆ ಹೋಗುವ ಮನುಷ್ಯ ಅದಕ್ಕೂ ಓಗೊಟ್ಟರು.

ಅಂದಿನ ಅಧ್ಯಕ್ಷ ಒಂದು ದೊಡ್ಡ ವಸ್ತುಪ್ರದರ್ಶನದಲ್ಲಿ ಸಾಲಾಗಿ ಬಂದ ಜನರ ಕೈ ಕುಲುಕುತ್ತಿದ್ದ. ಒಬ್ಬ ಕೈಗೆ ಗಾಯವಾದವನಂತೆ ಕರವಸ್ತ್ರ ಸುತ್ತಿಕೊಂಡು ಬಂದ. ಕರವಸ್ತ್ರದೊಳಗೆ ಪಿಸ್ತೂಲಿತ್ತು. ಅಂಕಲ್ ಇಂಗ್ಲಿಷಿನಲ್ಲಿ ಒಂದು ಪುಟ ಓದಿಕೊಂಡು ಕನ್ನಡದಲ್ಲಿ ಹೇಳುವರು. ಚೆನ್ನಾಗಿಯೇ ಹೇಳುತ್ತಿದ್ದರು, ನಾನು ಅಡುಗೆಮನೆಯಿಂದ ಸೌಟು ಹಿಡಿದೇ ಬಂದು ಬಾಗಿಲಲ್ಲಿ ನಿಂತಿದ್ದೆ. ಕೊನೆಗೆ ಅಧ್ಯಕ್ಷ ಪ್ರಾಣ ಬಿಟ್ಟ. ಅಂಕಲ್ ಕನ್ನಡಕ ತೆಗೆದು, ಉಳಿದದ್ದು ನಾಳೆ ಎಂದು ಪುಸ್ತಕ ಮುಚ್ಚಿದರು. ಅತ್ತೆ ಕೂತಲ್ಲಿಂದ ಅಲುಗಲಿಲ್ಲ.

"ಹಂಗ ಹೆಂಗ ನಿಲ್ಲಸ್ತೀರಿ ಶಾಸ್ತ್ರಿಗಳ? ಸಾವಿನ ಮ್ಯಾಲ ಪುಸ್ತಕ ಮುಚ್ಚಬಾರದು. ಓದಿದವರಿಗೂ ಛಲೋ ಅಲ್ಲ, ಕೇಳಿದವರಿಗೂ ಅಲ್ಲ."

ಇದು ಪುರಾಣದ ಕಟ್ಟಳೆ. ಕಥೆಯಲ್ಲಿ ಯಾರಾದರೂ ಸತ್ತರೆ, ಕಷ್ಟಕ್ಕೆ ಸಿಕ್ಕರೆ, ಅಲ್ಲಿಗೆ ಆ ದಿನದ ಓದು ನಿಲ್ಲಿಸುವಂತಿಲ್ಲ. ಮುಂದೆ ಯಾವುದಾದರೂ ಮಂಗಳದ ಸಂಗತಿ, ಒಂದು ಮದುವೆಯೋ ಮಗು ಹುಟ್ಟುವುದೋ ಪಟ್ಟಾಭಿಷೇಕವೋ ಬರುವ ತನಕ ಓದಿಯೇ ಏಳಬೇಕು. ಇದು ಪುರಾಣವಲ್ಲ, ಇತಿಹಾಸ ಎಂದು ಅಂಕಲ್ ವಾದಿಸಿ ನೋಡಿದರು. ಸತ್ತವನು ಯಾವುದರಲ್ಲಿ ಸತ್ತರೂ ಸತ್ತವನೇ ಎಂದರು ಅತ್ತೆ. ಹಾಗಾದರೆ ಮಂಗಳ ಎಲ್ಲಿಂದ ತರುವುದು ಎಂದು ಅಂಕಲ್ ಹಾಳೆ ಮಗುಚಿದರು. ಮದುವೆ ಇರಲಿಲ್ಲ. ಮಗುವೂ ಹುಟ್ಟಿರಲಿಲ್ಲ. ಕೊನೆಗೆ, ಉಪಾಧ್ಯಕ್ಷನಾಗಿದ್ದವನು ಅಧ್ಯಕ್ಷನಾಗಿ ಪ್ರಮಾಣವಚನ ಸ್ವೀಕರಿಸುತ್ತಾನಲ್ಲ, ಅದನ್ನು ಪಟ್ಟಾಭಿಷೇಕ ಎಂದು ಲೆಕ್ಕಕ್ಕೆ ಹಿಡಿಯಬಹುದು ಎಂದು ಇಬ್ಬರೂ ಒಪ್ಪಿದರು.

ಒಪ್ಪಿದ್ದೇನೋ ಸರಿ, ಆ ಉಪಾಧ್ಯಕ್ಷ ಊರಲ್ಲಿರಲಿಲ್ಲ. ಗುಡ್ಡ ಹತ್ತಲು ಹೋಗಿದ್ದ. ಅವನನ್ನು ಹುಡುಕಿಕೊಂಡು ಒಬ್ಬ ಗುಡ್ಡ ಹತ್ತಬೇಕು, ಅವನು ಇಳಿಯಬೇಕು, ಕತ್ತಲಲ್ಲಿ ಕುದುರೆ ಗಾಡಿ, ಆಮೇಲೆ ರೈಲು. ನನ್ನ ಹೀರೇಕಾಯಿ ಪಲ್ಯ ಒಲೆಯ ಮೇಲೆ ಆರಿ ತಣ್ಣಗಾಯಿತು. ಇತಿಹಾಸಕಾರ ಆ ದಾರಿಯ ಒಂದೊಂದು ತಿರುವನ್ನೂ ಬರೆದಿದ್ದ. ಅಂಕಲ್ ಬೇಕಾದರೆ ಹಾರಿಸಬಹುದಿತ್ತು, ಹಾರಿಸಲಿಲ್ಲ. ಕೊನೆಗೆ ಆ ಮನುಷ್ಯ ಯಾರದೋ ಕೋಟು ಎರವಲು ತೊಟ್ಟು ಪ್ರಮಾಣ ಮಾಡಿದಾಗ ಅತ್ತೆ ಕೈಮುಗಿದು, ಎಲ್ಲರ ಕೈಗೂ ಒಂದೊಂದು ಚಿಟಿಕೆ ಕೊಬ್ಬರಿ ಸಕ್ಕರೆ ಹಾಕಿದರು. ಅದು ಪ್ರಸಾದ. ನನಗೆ ಆ ಹೊತ್ತಿಗೆ ಅದೇ ಊಟವಾಗಿತ್ತು.

ಹೀಗೆ ಶುರುವಾದದ್ದು ದಿನವೂ ನಡೆಯಿತು. ಮಗಳು ಇದಕ್ಕೆ ಮರ್ಡರ್ ಕ್ಲಬ್ ಎಂದು ಹೆಸರಿಟ್ಟಳು. ಅತ್ತೆಗೆ ಪ್ರತಿಯೊಬ್ಬ ಅಧ್ಯಕ್ಷನ ವಿಷಯದಲ್ಲೂ ತಿಳಿಯಬೇಕಾದದ್ದು ಒಂದೇ: ಅವನ ಹೆಂಡತಿ ಆಗ ಎಲ್ಲಿದ್ದಳು, ಆಮೇಲೆ ಏನು ಮಾಡಿದಳು. ಇತಿಹಾಸಕಾರ ಆ ಬಗ್ಗೆ ಎರಡೇ ಸಾಲು ಬರೆದಿದ್ದರೆ ಅತ್ತೆ ಅವನ ತಾಯಿ ತಂದೆಯನ್ನು ಸೇರಿಸಿ ಬೈಯುತ್ತಿದ್ದರು. ಬೈಗುಳವನ್ನು ಅಂಕಲ್ ವಿನಯದಿಂದ ಅವನ ಪರವಾಗಿ ಸ್ವೀಕರಿಸುತ್ತಿದ್ದರು. ತೆರೆದ ಕಾರಿನಲ್ಲಿ ಗುಂಡು ತಿಂದ ಅಧ್ಯಕ್ಷ ನನಗೆ ಬಹಳ ಹಿಡಿಸಿದ. ಅವನ ಉತ್ತರಾಧಿಕಾರಿ ಹಿಂತಿರುಗುವ ವಿಮಾನದಲ್ಲೇ ನಿಂತು ಪ್ರಮಾಣವಚನ ಮುಗಿಸಿಬಿಟ್ಟ. ಅವತ್ತು ನಾವು ಏಳಕ್ಕೆಲ್ಲ ಉಂಡು ಕೈತೊಳೆದಿದ್ದೆವು.

ರೈಲು ನಿಲ್ದಾಣದಲ್ಲಿ ಗುಂಡು ತಿಂದವನು ಮಾತ್ರ ನಮ್ಮನ್ನು ಗೋಳು ಹೊಯ್ದುಕೊಂಡ. ಸಾಯಲೊಲ್ಲ, ಏಳಲೊಲ್ಲ. ಇಡೀ ಬೇಸಿಗೆ ಹಾಸಿಗೆಯ ಮೇಲೆ. ಡಾಕ್ಟರುಗಳು ಸರದಿಯ ಮೇಲೆ ಬಂದು ತೊಳೆಯದ ಬೆರಳನ್ನು ಗಾಯದೊಳಗೆ ಹಾಕಿ ಗುಂಡು ಹುಡುಕುತ್ತಿದ್ದರಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ಕಾರ್ಖಾನೆಯಲ್ಲಿ ಕೈ ತೊಳೆದಿದ್ದಾರೋ ಇಲ್ಲವೋ ನೋಡುವುದೇ ನನ್ನ ಕೆಲಸ. ಉಂಗುರ ಹಾಕಿಕೊಂಡು ಬಂದವರನ್ನು ನಾನು ಬಾಗಿಲಿನಿಂದಲೇ ವಾಪಸು ಕಳಿಸುವವಳು. ಸೌಟು ಕೆಳಗಿಟ್ಟು ಬಂದು ಸೋಫಾದಲ್ಲಿ ಕೂತೆ. ಆ ಡಾಕ್ಟರುಗಳನ್ನು ಒಂದು ವಾರ ನನ್ನ ಲೈನಿನಲ್ಲಿ ನಿಲ್ಲಿಸಬೇಕಿತ್ತು ಅಂಕಲ್ ಎಂದೆ. ಅವತ್ತಿನಿಂದ ನಾನೂ ಆ ಕ್ಲಬ್ಬಿನ ಸದಸ್ಯಳಾದೆ, ಹಸಿದುಕೊಂಡೇ.

ಆ ರೋಗಿಯ ದೆಸೆಯಿಂದ ಕಟ್ಟಳೆಗೆ ಇನ್ನೊಂದು ಸೇರಿಕೊಂಡಿತು. ಹೊತ್ತಾಯಿತು, ಇವತ್ತು ಇಷ್ಟಕ್ಕೆ ಸಾಕು, ಹೇಗೂ ಅವನಿನ್ನೂ ಸತ್ತಿಲ್ಲವಲ್ಲ ಎಂದು ಅಂಕಲ್ ಜಾಣತನದಿಂದ ಎದ್ದು ನಿಂತಿದ್ದರು. ಸಾಯುವ ಮನುಷ್ಯನನ್ನು ಹಾಸಿಗೆಯ ಮೇಲೆ ಬಿಟ್ಟು ಏಳುವುದು ಸಾವಿನ ಮೇಲೆ ಏಳುವುದಕ್ಕಿಂತ ಕೆಟ್ಟದ್ದು ಎಂದರು ಅತ್ತೆ. ಅಧ್ಯಕ್ಷನನ್ನು ಗಾಳಿ ಬದಲಾವಣೆಗೆ ಸಮುದ್ರದಂಡೆಗೆ ಕರೆದೊಯ್ದ ಭಾಗ ಬಂದಾಗ ಅಂಕಲ್, ಸಮುದ್ರದ ಗಾಳಿಗಿಂತ ಮಂಗಳ ಬೇರೇನಿದೆ, ಇಲ್ಲಿಗೆ ನಿಲ್ಲಿಸೋಣ ಎಂದು ಅಂಗಲಾಚಿದರು. ಧಾರವಾಡದವರಿಗೆ ಸಮುದ್ರದ ಮೇಲೆ ಅಂಥ ಭಕ್ತಿಯೇನೂ ಇಲ್ಲ. ಓದಲೇಬೇಕಾಯಿತು.

ಹೀಗೆ ಫೆಬ್ರವರಿ ಮುಗಿಯುವ ಹೊತ್ತಿಗೆ ಕಪಾಟಿನ ಪುಸ್ತಕಗಳೆಲ್ಲ ಮೂಲೆಯಲ್ಲಿ ಕೆಂಪು ಚುಕ್ಕೆ ಹೊತ್ತು ನಿಂತಿದ್ದವು. ಒಂದು ಬಿಟ್ಟು. ನಾಟಕ ನೋಡಲು ಹೋದ ಅಧ್ಯಕ್ಷನ ಪುಸ್ತಕ. ಎಲ್ಲರಿಗಿಂತ ದೊಡ್ಡವನು ಅವನು ಎಂದು ಅಂಕಲ್ ಬಾಯಲ್ಲೇ ಅತ್ತೆ ಕೇಳಿದ್ದರು. ಅವನ ಕಥೆ ಯಾವಾಗ ಎಂದು ದಿನಾ ಕೇಳತೊಡಗಿದರು. ಅಂಕಲ್ ಮೊದಲು ಅದನ್ನು ಚರ್ಚಿನಲ್ಲಿ ಯಾರಿಗೋ ಓದಲು ಕೊಟ್ಟಿದ್ದೇನೆ ಎಂದರು. ಮುಂದಿನ ವಾರ ಅಟ್ಟದ ಮೇಲಿದೆ, ಏಣಿ ಮುರಿದಿದೆ ಎಂದರು. ಇನ್ನೊಮ್ಮೆ ಅಕ್ಷರ ಸಣ್ಣದು, ಕಣ್ಣು ನೋಯುತ್ತದೆ ಎಂದರು. ಒಂದೇ ಪುಸ್ತಕ ಚರ್ಚಿನಲ್ಲೂ ಅಟ್ಟದಲ್ಲೂ ಇರುವುದು ಹೇಗೆಂದು ಮಗಳು ಕೇಳಿದಳು. ಅಂಕಲ್ ಅವಳ ಪರೀಕ್ಷೆ ಯಾವಾಗ ಎಂದು ವಿಚಾರಿಸಿದರು.

ಅತ್ತೆ ಏಪ್ರಿಲಿನ ಮೊದಲ ವಾರ ಹೊರಡುವವರು. ಆ ಕಥೆ ಕೇಳದೆ ವಿಮಾನ ಹತ್ತುವುದಿಲ್ಲ ಎಂದು ನನ್ನ ಗಂಡನಿಗೆ ಎಚ್ಚರಿಕೆ ಕೊಟ್ಟರು. ಅವನು ಔಷಧಿ ಅಂಗಡಿಯವನ ದನಿಯಲ್ಲಿ, ಬೆಳಿಗ್ಗೆ ಒಂದು ರಾತ್ರಿ ಒಂದು ಎಂಬಂತೆ, ನೋಡೋಣ ಎಂದ.

ಒಂದು ಶನಿವಾರ ಮಧ್ಯಾಹ್ನ ಎಣ್ಣಗಾಯಿಯ ಡಬ್ಬಿ ವಾಪಸು ತರಲೆಂದು ಅಂಕಲ್ ಮನೆಗೆ ಹೋದೆ. ಅವರು ಡಬ್ಬಿ ತರಲು ಒಳಗೆ ಹೋದಾಗ ನಾನು ಮುಂದಿನ ಕೋಣೆಯಲ್ಲಿ ನಿಂತೆ, ಕಣ್ಣು ಸುಮ್ಮನಿರಲಿಲ್ಲ. ಕಿಟಕಿಯ ಹತ್ತಿರ ಎರಡು ಆರಾಮಕುರ್ಚಿ. ಒಂದರ ಮೇಲೆ ಅಂಕಲ್ ಕೂತ ಗುರುತು. ಇನ್ನೊಂದರ ಪಕ್ಕದ ಸಣ್ಣ ಮೇಜಿನ ಮೇಲೆ ಆ ಪುಸ್ತಕ, ನಾಟಕಶಾಲೆಯ ಚಿತ್ರದ ರಟ್ಟು. ಅಟ್ಟವೂ ಅಲ್ಲ, ಚರ್ಚೂ ಅಲ್ಲ. ಕಾಲು ಭಾಗ ಉಳಿದಿರುವಲ್ಲಿ ಹಾಳೆಯ ಅಂಚಿಗೆ ಹೆಂಗಸರ ಒಂದು ಹೇರ್‌ಪಿನ್ನು ಸಿಕ್ಕಿಸಿತ್ತು. ಮನೆಗೆ ಬಂದು ಅತ್ತೆಗೆ ಚಾಡಿ ಹೇಳಲು ನನಗೆ ಒಂದು ನಿಮಿಷವೂ ಹಿಡಿಯಲಿಲ್ಲ. ಪುಸ್ತಕ ಸಿಕ್ಕಿತು ಎಂದಷ್ಟೇ ನನ್ನ ತಲೆಯಲ್ಲಿದ್ದದ್ದು, ಪಿನ್ನಿನ ಬಗ್ಗೆ ಯೋಚಿಸಲೂ ಇಲ್ಲ.

ಅತ್ತೆ ಸ್ವೆಟರಿನ ಮೇಲೆ ಶಾಲು ಹೊದ್ದು ಹೊರಟರು. ಹಿಂದೆ ನಾನು. ಅಂಕಲ್ ಬಾಗಿಲು ತೆಗೆದಾಗ ಅತ್ತೆ ಅವರ ಪಕ್ಕದಿಂದಲೇ ಒಳಗೆ ನುಗ್ಗಿ ಸೀದಾ ಕಿಟಕಿಯ ಹತ್ತಿರ ಹೋದರು. ಪುಸ್ತಕ ಎತ್ತಿ ತೊಡೆಯ ಮೇಲಿಟ್ಟುಕೊಂಡು, ಎರಡನೆಯ ಕುರ್ಚಿಯಲ್ಲಿ ಕೂತರು. ಅಂಕಲ್ ಮುಖ ನೋಡಿ ನನಗೆ ನಾನು ಮಾಡಿದ ಕಿತಾಪತಿ ಇಷ್ಟವಾಗಲಿಲ್ಲ. ಆ ಕುರ್ಚಿಯಲ್ಲಿ ಎರಡು ವರ್ಷದಿಂದ ಯಾರೂ ಕೂತಿರಲಿಲ್ಲ ಎಂದು ಆ ಮುಖದಲ್ಲೇ ಗೊತ್ತಾಗುತ್ತಿತ್ತು.

"ಪಿನ್ನು ತೆಗೀಬೇಡಿ ಅಮ್ಮ," ಎಂದರು.

ಅತ್ತೆ ಪಿನ್ನು ತೆಗೆಯಲಿಲ್ಲ. ಪುಟ ತೆರೆದು, ಇಂಗ್ಲಿಷು ಬಾರದಿದ್ದರೂ ಅದನ್ನು ಸ್ವಲ್ಪ ಹೊತ್ತು ನೋಡಿ, ಇದು ಯಾವ ಜಾಗ ಎಂದು ಕೇಳಿದರು. ಗುಂಡು ಬಿದ್ದ ಮೇಲೆ ಅವನನ್ನು ನಾಟಕಶಾಲೆಯಿಂದ ಎದುರಿನ ಮನೆಗೆ ಎತ್ತಿಕೊಂಡು ಹೋಗಿದ್ದಾರೆ ಎಂದರು ಅಂಕಲ್. ಬಹಳ ಎತ್ತರದ ಮನುಷ್ಯ, ಮಂಚದಲ್ಲಿ ನೆಟ್ಟಗೆ ಹಿಡಿಸಲಿಲ್ಲ, ಓರೆಯಾಗಿ ಮಲಗಿಸಿದ್ದಾರೆ. ಅಷ್ಟು ಹೇಳಿ ನಿಲ್ಲಿಸಿದರು. ಆಮೇಲೆ ನಿಂತುಕೊಂಡೇ ಉಳಿದದ್ದನ್ನೂ ಹೇಳಿದರು. ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದವರು ಅವರ ಹೆಂಡತಿ, ದಿನಾ ಸಂಜೆ, ಇವರು ಚಹಾ ಮಾಡುತ್ತ ಕೇಳುವುದು. ಆ ದಿನ ಇಲ್ಲಿಯವರೆಗೆ ಓದಿ, ನಾಳೆ ಓದುವಾ ಎಂದು ತಲೆಯ ಪಿನ್ನು ಕಿತ್ತು ಇಟ್ಟರು. ಬೆಳಿಗ್ಗೆ ಎದೆ ನೋವು, ಆಂಬ್ಯುಲೆನ್ಸು, ಆಸ್ಪತ್ರೆ. ಅಲ್ಲಿ ಹಾಸಿಗೆಯ ಪಕ್ಕ ಕೂತಿದ್ದವರು ಸ್ವಲ್ಪ ಹೊತ್ತಿಗೆ ಎದ್ದು ಕೆಳಗೆ ಹೋದರು.

"ಚಹಾ ತರಲಿಕ್ಕೆ ಹೋದದ್ದು ನಾನು. ಬರುವಾಗ ಆಗಿ ಹೋಗಿತ್ತು."

ಬೇಲಿಯ ಆಚೆಯಿಂದ ನಾನು ಅಷ್ಟು ಸಲ ಕೇಳಿದ್ದ ಆ ಕಾವಲುಗಾರ ಯಾರೆಂದು ನನಗೆ ಆಗ ಗೊತ್ತಾಯಿತು. ಕಸದ ಡಬ್ಬಿ ಹಿಡಿದು ಹೌದು ಅಂಕಲ್ ಎಂದದ್ದೆಲ್ಲ ನೆನಪಾಯಿತು. ಅತ್ತೆ ಅಯ್ಯೋ ಪಾಪ ಎನ್ನಲಿಲ್ಲ. ಆ ಚಹಾ ಕುಡಿದಿರೇನು ಎಂದು ಕೇಳಿದರು. ಇಲ್ಲ, ಎರಡು ಕಪ್ಪು ತಂದಿದ್ದೆ, ಎರಡೂ ಹಾಗೇ ಆರಿದವು ಎಂದರು ಅಂಕಲ್. ಅತ್ತೆ ತಲೆಯಾಡಿಸಿದರು. ಆಮೇಲೆ ಅತ್ತೆ ಪುಸ್ತಕವನ್ನು ಅವರ ಕಡೆ ಚಾಚಿದರು.

"ಅಲ್ರಿ ಶಾಸ್ತ್ರಿಗಳ, ಆ ಮನಷ್ಯಾ ನಿಮಗ ಏನ್ ಮಾಡ್ಯಾನು? ಎರಡು ವರ್ಷದಿಂದ ಅಂವನ್ನ ಹಾಸಿಗಿ ಮ್ಯಾಲ ಓರೆ ಕೆಡವಿ ಇಟ್ಟೀರಿ. ಏಳಾಕೂ ಬಿಡವಲ್ರಿ, ಹೋಗಾಕೂ ಬಿಡವಲ್ರಿ. ಓದ್ರಿ."

ಅಂಕಲ್ ಬಾಯಿಂದ ನಗುವೂ ಅಲ್ಲದ ಅಳುವೂ ಅಲ್ಲದ ಒಂದು ಸದ್ದು ಬಂತು. ತಮ್ಮ ಕುರ್ಚಿಯಲ್ಲಿ ಕೂತು ಕನ್ನಡಕ ಹಾಕಿಕೊಂಡರು. ಪಿನ್ನನ್ನು ತಾವೇ ತೆಗೆದು ಅಂಗಿಯ ಜೇಬಿಗೆ ಹಾಕಿದರು. ನಾನು ನೆಲದ ಮೇಲೆ ಕೂತೆ. ಮೊದಲಿನ ಒಂದೆರಡು ಪುಟ ಅವರು ಇಂಗ್ಲಿಷಿನಲ್ಲೇ ಓದುತ್ತಾ ಹೋದರು, ಕನ್ನಡಕ್ಕೆ ಬರುವುದೇ ಮರೆತಿತ್ತು. ಅತ್ತೆ ತಡೆಯಲಿಲ್ಲ, ಎಲ್ಲ ತಿಳಿಯಿತು ಎಂಬಂತೆ ಕೇಳಿದರು. ಆಮೇಲೆ ತಾನಾಗಿಯೇ ಕನ್ನಡ ಬಂತು. ಮಳೆ ಹನಿಯುವ ಬೆಳಗು. ಸಣ್ಣ ಕೋಣೆಯ ತುಂಬ ಮಂತ್ರಿಗಳು, ಡಾಕ್ಟರುಗಳು. ಅವನ ಉಸಿರು ನಿಂತಿತು.

ಅತ್ತೆ ಎಂದಿನ ಪ್ರಶ್ನೆ ಕೇಳಿದರು. ಹೆಂಡತಿ ಎಲ್ಲಿದ್ದಳು? ಅಂಕಲ್ ಒಂದು ಪುಟ ಹಿಂದಕ್ಕೆ ತಿರುಗಿಸಿ ಬೆರಳಿಟ್ಟು ಹುಡುಕಿದರು. ಅವಳು ಬಹಳ ಅಳುತ್ತಿದ್ದಳೆಂದು ಮುಂದಿನ ಕೋಣೆಗೆ ಕಳಿಸಿಬಿಟ್ಟಿದ್ದರು. ಜೀವ ಹೋಗುವಾಗ ಅವಳು ಹತ್ತಿರ ಇರಲಿಲ್ಲ. ಇದನ್ನು ಓದಿ ಅಂಕಲ್ ತಲೆಯೆತ್ತಿದರು.

"ನೋಡ್ರಿ ಮತ್ತ," ಎಂದರು ಅತ್ತೆ. "ಅಕಿನೂ ಇರಲಿಲ್ಲ."

ಅಂಥ ಹೊತ್ತಿನಲ್ಲಿ, ಬೆಳಗಿನ ಅವಲಕ್ಕಿಯ ಮೇಲೆಯೇ ಇದ್ದ ನನ್ನ ಹೊಟ್ಟೆ ಗುರ್ರೆಂದು ದೊಡ್ಡದಾಗಿ ಕೂಗಿತು. ಅತ್ತೆ ನನ್ನನ್ನು ನೋಡಿದ ನೋಟಕ್ಕೆ, ಆಗುವಂತಿದ್ದರೆ ನಾನು ರತ್ನಗಂಬಳಿಯ ಅಡಿಗೆ ಹೋಗಿಬಿಡುತ್ತಿದ್ದೆ. ಅಂಕಲ್ ಮಾತ್ರ ನಕ್ಕರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ಪಾಪ ಹುಡುಗಿಗೆ ಹಸಿವಾಗಿದೆ, ಪಟ್ಟಾಭಿಷೇಕ ಬೇಗ ಮಾಡುವಾ ಎಂದರು. ಅದೃಷ್ಟಕ್ಕೆ ಆ ಉಪಾಧ್ಯಕ್ಷ ಗುಡ್ಡಗಿಡ್ಡ ಹತ್ತದೆ ಅದೇ ಊರಿನ ಹೋಟೆಲಿನಲ್ಲಿ ಇದ್ದ. ಬೆಳಿಗ್ಗೆಯೇ ಪ್ರಮಾಣವಚನ ಮುಗಿಯಿತು. ನಮ್ಮ ಹತ್ತಿರ ಕೊಬ್ಬರಿ ಸಕ್ಕರೆ ಇರಲಿಲ್ಲವಾದ್ದರಿಂದ ಅಂಕಲ್ ಬಿಸ್ಕತ್ತಿನ ಡಬ್ಬಿ ತೆರೆದರು.

ಉಳಿದ ಅಧ್ಯಾಯಗಳು ಆ ವಾರ ನಮ್ಮ ಮಣೆಯ ಮೇಲೆ ಮುಗಿದವು. ಪುರಾಣ ಮುಗಿದ ದಿನ ಮಂಗಲ ಮಾಡಬೇಕು, ಓದಿದವರಿಗೆ ಶಾಲು ಹೊದಿಸಿ ಕಾಯಿ ಕೊಡಬೇಕು. ಕ್ವೀನ್ಸ್‌ಬರಿಯ ಅಂಗಡಿಯಲ್ಲಿ ನಾನು ತೆಂಗಿನಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲುಗಿಸಿ ಒಂದನ್ನು ಆರಿಸಿದೆ. ಎರಡು ತಗೋ ಎಂದರು ಅತ್ತೆ. ಒಂದು ಒಡೆದು ಹೋದರೆ ಇರಲಿ ಎಂದಿರಬೇಕು ಅಂದುಕೊಂಡೆ. ಮಂಗಲದ ಸಂಜೆ ಮನೆಯೆಲ್ಲ ಹೋಳಿಗೆಯ ವಾಸನೆ. ಗಂಡ ಅಂಗಡಿಯಿಂದ ಬೇಗ ಬಂದಿದ್ದ. ಅಂಕಲ್ ಭಾನುವಾರದ ಕೋಟು ಹಾಕಿಕೊಂಡು ಬಂದರು. ಅತ್ತೆ ಅವರನ್ನು ಕುರ್ಚಿಯ ಮೇಲೆ ಕೂಡಿಸಿ, ಶಾಲು ಹೊದಿಸಿ, ಬಲಗೈಗೆ ಒಂದು ಕಾಯಿ ಕೊಟ್ಟರು. ಅಂಕಲ್ ಬಹಳ ಉಪಕಾರ ಎನ್ನುತ್ತಾ ಎದ್ದು ನಿಂತಾಗ, ತಡೀರಿ ಎಂದು ಇನ್ನೊಂದು ಕಾಯಿಯನ್ನು ಅವರ ಎಡಗೈಗೆ ಇಟ್ಟರು.

"ಅದು ಓದಿ ಮುಗಿಸಿದವ್ರಿಗೆ. ಇದು ಓದಾಕ ಸುರು ಮಾಡಿದವ್ರಿಗೆ. ಅವ್ರಿಗೆ ಮುಟ್ಟಸ್ರಿ."

ಅಂಕಲ್ ಎರಡೂ ಕೈಯಲ್ಲಿ ಒಂದೊಂದು ಕಾಯಿ ಹಿಡಿದು ನಿಂತರು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳೋಣವೆಂದರೆ ಕೈ ಖಾಲಿ ಇರಲಿಲ್ಲ. ಕೆಳಗಿಡಲು ಮನಸ್ಸಿದ್ದಂತೆ ಕಾಣಲಿಲ್ಲ. ನಾವು ದೊಡ್ಡವರು ಮೂವರೂ ಎಲ್ಲಿ ನೋಡಬೇಕೆಂದು ತಿಳಿಯದೆ ಹೋಳಿಗೆಯ ತಟ್ಟೆ ನೋಡುತ್ತಿದ್ದೆವು.

ಮಗಳು ಎದ್ದು ಹೋಗಿ ಅವರ ಮುಂದೆ ನಿಂತಳು. ಆಂಟಿಯ ಕಾಯಿ ಯಾವುದು ಎಂದು ಕೇಳಿದಳು. ನಾನು ಗಮನಿಸಿದೆ, ಕೇಳಿದ್ದು ಕನ್ನಡದಲ್ಲಿ. ಅಂಕಲ್ ಎಡಗೈಯನ್ನು ಸ್ವಲ್ಪ ಮೇಲೆತ್ತಿ ತೋರಿಸಿದರು. ಅವಳು ಬಲಗೈಯ ಕಾಯಿಯನ್ನು ಮಾತ್ರ ಇಸಿದುಕೊಂಡಳು. ಅಂಕಲ್ ಖಾಲಿಯಾದ ಕೈಯಿಂದ ಕಣ್ಣು ಒರೆಸಿಕೊಂಡು, ಊಟಕ್ಕೆ ಕೂಡುವಾಗಲೂ ಇನ್ನೊಂದನ್ನು ತೊಡೆಯ ಮೇಲೆಯೇ ಇಟ್ಟುಕೊಂಡರು.